ನಂಜು ಎಂಬ ಹಳೆಯ ಮಾತು, ಅಲರ್ಜಿ ಎಂಬ ಹೊಸ ಮಾತು

ಹೋದ ಸುಗ್ಗಿಯಲ್ಲಿ ಅಡಿಕೆ ದರದ ಸುದ್ದಿಗೆಂದು ಭೀಮಸಮುದ್ರಕ್ಕೆ ಹೋಗಿದ್ದೆವು. ಅಂಗಳದಲ್ಲಿ ಸುಲಿಯುವ ಯಂತ್ರದ ಸದ್ದು, ಹಂಡೆಯಿಂದ ಚೊಗರಿನ ವಾಸನೆ. ಪಡಸಾಲೆಯಲ್ಲಿ ಸೊಸೆಯ ಕಂಕುಳಲ್ಲಿ ಒಂದೂವರೆ ವರ್ಷದ ಕೂಸು. ಕೈಕಾಲು ಕಡ್ಡಿಯಾಗಿದ್ದವು. ಯಾಕಮ್ಮ ಹಿಂಗೆ ಸೊರಗಿದೆ ಎಂದು ಕೇಳಿದೆವು.

"ಅದಕ್ಕೆ ಎಲ್ಲಾ ನಂಜಾಗ್ತೈತೆ ನೋಡ್ರಪ್ಪ" ಅಂದರು ಅಜ್ಜಿ. ಐದು ತಿಂಗಳ ಹಿಂದೆ ಒಂದು ರಾತ್ರಿ ಮೈತುಂಬ ಗಂದೆ ಎದ್ದಿತ್ತಂತೆ. ಅವತ್ತು ಮಧ್ಯಾಹ್ನ ಅನ್ನಕ್ಕೆ ಶೇಂಗಾ ಚಟ್ನಿಪುಡಿ ಕಲಸಿ ತಿನ್ನಿಸಿದ್ದರು. ಅಲ್ಲಿಂದ ಶೇಂಗಾ ಬಂದ್. ಆಮೇಲೆ ಬದನೆಕಾಯಿ, ಕುಂಬಳಕಾಯಿ, ಮೊಟ್ಟೆ, ಹಾಲು, ಒಂದೊಂದಾಗಿ ಎಲ್ಲವೂ ಬಂದ್. ಉಳಿದದ್ದು ಅನ್ನ, ತಿಳಿಸಾರು, ಬಿಸ್ಕತ್ತು. ತಾಯಿ ಕಾರ್ಡಿನಲ್ಲಿ ತೂಕದ ಗೆರೆ ಕೆಳಗೆ ಬಾಗಿತ್ತು.

ಅಡಿಕೆ ಸುದ್ದಿ ಬರೆದು ಕಳಿಸಿದೆವು. ಆದರೆ ಈ "ನಂಜು" ತಲೆಯಿಂದ ಹೋಗಲಿಲ್ಲ. ಅದರ ಚರಿತ್ರೆ ಹುಡುಕುತ್ತಾ ಹೋದೆವು.

ಕನ್ನಡದಲ್ಲಿ ನಂಜು ಎಂದರೆ ವಿಷ. ವಿಷ ಉಂಡವನು ನಂಜುಂಡ, ಅವನ ಊರು ನಂಜನಗೂಡು. ನಮ್ಮ ಕಡೆ ಮನೆಗೊಬ್ಬ ನಂಜಪ್ಪನೋ ನಂಜಮ್ಮನೋ ಇರುತ್ತಾರೆ. ಗಾಯ ಕೀವಾದರೂ ನಂಜು, ಮೈ ಕೆರೆದರೂ ನಂಜು, ಬಾಣಂತಿ ತಿನ್ನಬಾರದ್ದೆಲ್ಲ ನಂಜಿನ ಪದಾರ್ಥ. ಗಂದೆ ಎದ್ದರೆ ಕರಿ ಕಂಬಳಿ ಹೊದಿಸುವುದು ಕಂಬಳಿ ನೇಯುವ ಚಳ್ಳಕೆರೆ ಸೀಮೆಯಲ್ಲಷ್ಟೇ ಅಲ್ಲ, ಸುತ್ತಲೂ ಇದ್ದ ಪದ್ಧತಿ. ಗಂದೆ ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಹೆಸರು ಕಂಬಳಿಗೆ ಬರುತ್ತಿತ್ತು.

ಈ ಮಾತಿನಲ್ಲಿ ಒಂದು ಲೆಕ್ಕ ಅಡಗಿದೆ. ನಂಜು ಇರುವುದು ಪದಾರ್ಥದಲ್ಲಿ. ಬದನೆಕಾಯಿ ನಂಜು ಅಂದರೆ ಎಲ್ಲರಿಗೂ ನಂಜು.

"ಅಲರ್ಜಿ" ಎಂಬ ಮಾತಿಗೆ ಇನ್ನೂ ನೂರಿಪ್ಪತ್ತು ವರ್ಷದ ಆಸುಪಾಸು. ಅದು ಹುಟ್ಟಿದ್ದು ಮಕ್ಕಳ ವೈದ್ಯರ ಕೈಯಲ್ಲೇ. ಆಗ ಡಿಫ್ತೀರಿಯಾ, ಅಂದರೆ ಗಂಟಲುಮಾರಿ, ಬಂದ ಮಕ್ಕಳಿಗೆ ಕುದುರೆಯ ರಕ್ತದಿಂದ ತೆಗೆದ ಸೀರಂ ಚುಚ್ಚುತ್ತಿದ್ದರು. ಜೀವ ಉಳಿಸುವ ಆ ಮದ್ದನ್ನೇ ಎರಡನೇ ಸಲ ಕೊಟ್ಟಾಗ ಕೆಲವು ಮಕ್ಕಳಿಗೆ ಬೇಗನೇ ಜ್ವರ, ದದ್ದು, ಊತ ಬರುತ್ತಿತ್ತು. ವಿಯೆನ್ನಾದ ಕ್ಲೆಮೆನ್ಸ್ ಫಾನ್ ಪಿರ್ಕೆ ಇದನ್ನು ಗಮನಿಸಿ 1906ರಲ್ಲಿ ಅಲರ್ಜಿ ಎಂಬ ಹೆಸರಿಟ್ಟರು. ಮೈಯ ಉತ್ತರ ಬದಲಾಗಿದೆ ಎಂಬುದು ಅದರ ಅರ್ಥ. ಮದ್ದು ವಿಷವಲ್ಲ, ಆ ಮಗುವಿನ ಮೈ ಅದನ್ನು ಶತ್ರು ಎಂದುಕೊಂಡಿದೆ ಅಷ್ಟೆ. ಪಕ್ಕದ ಮಂಚದ ಮಗುವಿಗೆ ಅದೇ ಮದ್ದಿನಿಂದ ಏನೂ ಆಗದಿರಬಹುದು.

ನಂಜಿಗೂ ಅಲರ್ಜಿಗೂ ಇರುವ ವ್ಯತ್ಯಾಸ ಇದು. ಒಂದು ಪದಾರ್ಥದ ಮೇಲೆ ದೂರು ಹೇಳುತ್ತದೆ, ಇನ್ನೊಂದು "ಯಾವ ಮಗುವಿಗೆ?" ಎಂದು ಕೇಳುತ್ತದೆ.

ಅಜ್ಜಿಯಂದಿರನ್ನು ನೋಡಿ ನಗುವ ಹಾಗೂ ಇಲ್ಲ. ದೊಡ್ಡ ದೊಡ್ಡ ವೈದ್ಯರೂ ಇದೇ ತಪ್ಪು ಮಾಡಿದ್ದಾರೆ. ಶೇಂಗಾ ಅಲರ್ಜಿ ಹೆಚ್ಚುತ್ತಿದೆ ಎಂದು ಅಮೆರಿಕದ ಮಕ್ಕಳ ವೈದ್ಯರ ಸಂಘ 2000ದಲ್ಲಿ ಒಂದು ಸಲಹೆ ಕೊಟ್ಟಿತು: ಮನೆತನದಲ್ಲಿ ಅಲರ್ಜಿ ಇರುವ ಮಕ್ಕಳಿಗೆ ಮೂರು ವರ್ಷದವರೆಗೆ ಶೇಂಗಾ ಬೇಡ, ಎರಡು ವರ್ಷದವರೆಗೆ ಮೊಟ್ಟೆ ಬೇಡ. ಅಲರ್ಜಿ ಇಳಿಯಲಿಲ್ಲ. 2008ರಲ್ಲಿ ಆ ಸಲಹೆ ಕೈಬಿಟ್ಟರು. ಅದೇ ವರ್ಷ ಲಂಡನ್ನಿನ ಗಿಡಿಯನ್ ಲ್ಯಾಕ್ ಮತ್ತು ಜೊತೆಗಾರರು ಬ್ರಿಟನ್ನಿನ ಯಹೂದಿ ಮಕ್ಕಳನ್ನೂ ಇಸ್ರೇಲಿನ ಮಕ್ಕಳನ್ನೂ ಹೋಲಿಸಿ ನೋಡಿದರು. ಬ್ರಿಟನ್ನಿನಲ್ಲಿ ಶೇಂಗಾ ಅಲರ್ಜಿ ಸುಮಾರು ಹತ್ತು ಪಟ್ಟು ಹೆಚ್ಚಿತ್ತು. ಇಸ್ರೇಲಿನ ಕೂಸುಗಳು ಮಾತ್ರ ವರ್ಷ ತುಂಬುವ ಮೊದಲೇ ಶೇಂಗಾ ತಿಂಡಿ ತಿನ್ನುತ್ತಿದ್ದವು.

ಅನುಮಾನ ತೀರಿಸಲು ಅವರು ಇನ್ನೊಂದು ಪರೀಕ್ಷೆ ಮಾಡಿದರು. ಅಲರ್ಜಿ ಬರುವ ಸಂಭವ ಹೆಚ್ಚಿರುವ 640 ಕೂಸುಗಳಲ್ಲಿ ಅರ್ಧಕ್ಕೆ ಚಿಕ್ಕಂದಿನಿಂದಲೇ ಶೇಂಗಾ ಕೊಟ್ಟರು, ಅರ್ಧಕ್ಕೆ ಕೊಡಲಿಲ್ಲ. 2015ರಲ್ಲಿ ಫಲಿತಾಂಶ ಬಂತು. ಐದು ವರ್ಷ ತುಂಬುವಾಗ, ಕೊಡದವರಲ್ಲಿ 100ಕ್ಕೆ 17 ಮಕ್ಕಳಿಗೆ ಶೇಂಗಾ ಅಲರ್ಜಿ. ಕೊಟ್ಟವರಲ್ಲಿ 3 ಮಕ್ಕಳಿಗೆ.

ಇದನ್ನು ಓದಿದಾಗ ನಮಗೆ ನೆನಪಾದದ್ದು ಮೈಸೂರು. 1950ರಲ್ಲಿ ಶುರುವಾದ ಅಲ್ಲಿನ ಕೇಂದ್ರೀಯ ಆಹಾರ ಸಂಶೋಧನಾಲಯ, ಅಂದರೆ ಸಿಎಫ್‌ಟಿಆರ್‌ಐ, ಬಡ ಮಕ್ಕಳ ಹೊಟ್ಟೆಗೆ ಪ್ರೋಟೀನು ಹೇಗೆ ಸೇರಿಸುವುದೆಂದು ತಲೆಕೆಡಿಸಿಕೊಂಡಾಗ ಕೈಗೆ ಸಿಕ್ಕಿದ್ದು ಶೇಂಗಾ. ಎಣ್ಣೆ ತೆಗೆದ ಶೇಂಗಾ ಹಿಟ್ಟು ಮೂರು ಪಾಲು, ಕಡಲೆಹಿಟ್ಟು ಒಂದು ಪಾಲು ಸೇರಿಸಿ ಬಹೂಪಯೋಗಿ ಆಹಾರ ಮಾಡಿದರು. ಹಾಲಿಗೆ ಶೇಂಗಾ ಪ್ರೋಟೀನು ಬೆರೆಸಿ ಮಿಲ್ಟೋನ್ ಮಾಡಿದರು. ನಮ್ಮ ಚಳ್ಳಕೆರೆ, ಹಿರಿಯೂರಿನ ಹೊಲಗಳಲ್ಲೂ ಮಕ್ಕಳು ಶೇಂಗಾ ಕಂಡೇ ಬೆಳೆದವರು. ಶಾಲಾ ವಯಸ್ಸಿನ ಮಕ್ಕಳ ಮೇಲೆ ಹಲವು ದೇಶಗಳಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆಹಾರದ ಅಲರ್ಜಿ ಹಾಂಕಾಂಗಿನಲ್ಲಿ ಶೇಕಡಾ 1.5, ಭಾರತದಲ್ಲಿ 0.14. ಇದಕ್ಕೆ ಶೇಂಗಾವೇ ಕಾರಣ ಎಂದು ನಾವು ಹೇಳುತ್ತಿಲ್ಲ. ಆದರೆ ನಮ್ಮೂರ ಕೂಸಿನಿಂದ ಶೇಂಗಾ ಕಿತ್ತುಕೊಳ್ಳಲು ಇಲ್ಲಿ ಕಾರಣ ಕಾಣುವುದಿಲ್ಲ.

ಹಾಗೆಂದು ಅಲರ್ಜಿ ಸುಳ್ಳಲ್ಲ. ಕೆಲವೇ ಮಕ್ಕಳಿಗಾದರೂ ಅದು ಜೀವಕ್ಕೆ ಬರುತ್ತದೆ. ತಿಂದ ಕೆಲವೇ ನಿಮಿಷದಿಂದ ಎರಡು ಗಂಟೆಯೊಳಗೆ ತುಟಿ, ಕಣ್ಣು ಊದುವುದು, ಮತ್ತೆ ಮತ್ತೆ ವಾಂತಿ, ಧ್ವನಿ ಕಟ್ಟುವುದು, ಉಸಿರು ಸಿಕ್ಕಿಕೊಳ್ಳುವುದು, ಕೂಸು ತೊಟ್ಟಿಲ ಬಟ್ಟೆಯಂತೆ ಜೋಲುವುದು. ಇಂಥದ್ದು ಕಂಡರೆ ಕಂಬಳಿ ಹುಡುಕಬೇಡಿ, 108ಕ್ಕೆ ಫೋನ್ ಮಾಡಿ. ಅದಕ್ಕೆ ಮದ್ದು ತೊಡೆಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು. ಮೆಡಿಕಲ್ ಶಾಪಿನ ತುರಿಕೆ ಸಿರಪ್ಪು ಅದರ ಕೆಲಸ ಮಾಡುವುದಿಲ್ಲ. ಮೊದಲೇ ಮೈಮೇಲೆ ಜೋರು ಎಕ್ಸಿಮಾ, ಅಂದರೆ ಬಿಡದ ಕೆರೆತದ ಹುಣ್ಣು, ಇರುವ ಕೂಸಿಗೆ ಶೇಂಗಾ, ಮೊಟ್ಟೆ ಶುರು ಮಾಡುವ ಮುಂಚೆ ವೈದ್ಯರನ್ನು ಕೇಳಿ. ಮಿಕ್ಕವರಿಗೆ ಆರು ತಿಂಗಳು ತುಂಬಿ ಮೇಲೂಟ ಶುರುವಾದ ಮೇಲೆ ರಾಗಿ ಸರಿಯಲ್ಲಿ ಚಿಟಿಕೆ ಹುರಿದ ಶೇಂಗಾದ ನುಣ್ಣನೆ ಪುಡಿ ಕಲಸಬಹುದು. ಹೊಸದು ಒಂದೊಂದಾಗಿ, ಹಗಲು ಹೊತ್ತಿನಲ್ಲಿ. ಇಡೀ ಬೀಜ ಮಾತ್ರ ನಾಲ್ಕೈದು ವರ್ಷದವರೆಗೆ ಬೇಡ. ಅದು ಅಲರ್ಜಿಯ ಮಾತಲ್ಲ, ಗಂಟಲಿಗೆ ಸಿಕ್ಕುವ ಮಾತು.

ತಮಾಷೆ ನೋಡಿ. ಊಟದಲ್ಲಿ ಇಲ್ಲದ ಅಲರ್ಜಿಯನ್ನು ಹುಡುಕುವ ನಾವು, ಉಸಿರಿನಲ್ಲಿ ಇರುವುದನ್ನು "ಶೀತ" ಎಂದು ಬಿಡುತ್ತೇವೆ. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ತಮ್ಮ ಆಸ್ಪತ್ರೆಗೆ ಬಂದ ಮಕ್ಕಳ ಲೆಕ್ಕ ಇಟ್ಟಿದ್ದರು. ಅವರಲ್ಲಿ ಉಬ್ಬಸ ಇದ್ದವರು 1979ರಲ್ಲಿ ಶೇಕಡಾ 9, 1999ರ ಹೊತ್ತಿಗೆ 29.5. ಅದು ಪೇಟೆಯ ಲೆಕ್ಕ. ಆದರೆ ಅಡಿಕೆ ಸಿಪ್ಪೆಯ ದೂಳು, ಅದಿರು ಲಾರಿಯ ದೂಳು, ಹಂಡೆಯ ಹೊಗೆ ಕೂಸಿನ ಎದೆಯನ್ನು ಕೆರಳಿಸಲು ಪೇಟೆಯೇ ಆಗಬೇಕಿಲ್ಲ. ರಾತ್ರಿ ಕೆಮ್ಮು, ಎದೆಯಲ್ಲಿ ಸುಯ್ ಎಂಬ ಸದ್ದು ಮೇಲಿಂದ ಮೇಲೆ ಬಂದರೆ ತೋರಿಸಬೇಕು. ಬರೆ ಹಾಕಿಸುವವರು ಈಗಲೂ ಕೆಲವೆಡೆ ಇದ್ದಾರೆ. ಮೃಗಶಿರದಲ್ಲಿ ಮೀನಿನ ಮದ್ದಿಗೆಂದು ಹೈದರಾಬಾದಿಗೆ ಹೋಗುವವರೂ ಇದ್ದಾರೆ. ಅಷ್ಟು ದೂರ ಹೋಗುವವರೇ "ಪಂಪು ಹಚ್ಚಿದರೆ ಬಿಡಿಸೋಕಾಗಲ್ಲ" ಎಂದು ಇನ್ಹೇಲರಿಗೆ ಹೆದರುತ್ತಾರೆ. ಮದ್ದು ನೇರ ಎದೆಗೆ ಹೋಗುವ ದಾರಿ ಅದು, ಚಟವಲ್ಲ.

ಭೀಮಸಮುದ್ರದ ಆ ಕೂಸಿನ ಮಾತಿಗೆ ಬರೋಣ. ಅಜ್ಜಿ, ಸೊಸೆ ಇಬ್ಬರೂ ಮಗುವನ್ನು ಮಕ್ಕಳ ಡಾಕ್ಟರಿಗೆ ತೋರಿಸಿದರು. ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಅದಕ್ಕೂ ಮುಂಚೆ ಶೇಂಗಾ ತಿಂದಿತ್ತಾ?" ವಾರಕ್ಕೆ ಎರಡು ಮೂರು ಸಲ ತಿಂದಿತ್ತು. "ಗಂದೆ ಎದ್ದ ದಿನ ಜ್ವರ, ನೆಗಡಿ ಇತ್ತಾ?" ಇತ್ತು. ಮಕ್ಕಳಿಗೆ ಏಳುವ ಗಂದೆಗೆ ಹೆಚ್ಚಿನ ಸಲ ವೈರಸ್ ಜ್ವರವೇ ಕಾರಣ ಎಂದು ಹೇಳಿ, ಅವರು ತಮ್ಮ ಎದುರಿಗೇ ಸ್ವಲ್ಪ ಸ್ವಲ್ಪ ಶೇಂಗಾ ಪುಡಿ ತಿನ್ನಿಸಿ ಎರಡು ಗಂಟೆ ಕೂರಿಸಿಕೊಂಡರು. ಕೂಸು ತಿಂದು ನಿದ್ದೆ ಹೋಯಿತು.

ಆಮೇಲೆ ಫೋನಿನಲ್ಲಿ ಸೊಸೆ ಇದನ್ನೆಲ್ಲ ಹೇಳುತ್ತಿದ್ದಾಗ ಹಿಂದಿನಿಂದ ಅಜ್ಜಿಯ ದನಿ ಕೇಳಿಸಿತು. "ಬದನೆಕಾಯಿ ಕೇಳ್ದೇನೆ? ಅದನ್ನೂ ಕೊಡಬೋದಂತಾ?"