ಹೊಟ್ಟೆಯಲ್ಲಿ ಪಾದರಸವಿದ್ದ ಗೊಂಬೆ

ಹವ್ಯಾಸಕ್ಕೆಂದು ಮನೆಯಲ್ಲಿ ಪುಟ್ಟ ರೋಬೋಟ್ ಕಟ್ಟುವ ಹುಡುಗರನ್ನು ಬಹಳ ಕಾಡುವ ವಸ್ತು ಬ್ಯಾಟರಿ. ಇಡೀ ಯಂತ್ರದಲ್ಲಿ ಸಾಮಾನ್ಯವಾಗಿ ಅದೇ ಹೆಚ್ಚು ಭಾರದ್ದು. ಜಾಗವಿದೆಯೆಂದು ಮೇಲೆ ಕೂರಿಸಿದರೆ ಮೊದಲ ತಿರುವಿನಲ್ಲೇ ರೋಬೋಟ್ ಮಗುಚಿಕೊಳ್ಳುತ್ತದೆ. ಚಕ್ರಗಳ ನಡುವೆ ನೆಲಕ್ಕೆ ಹತ್ತಿರವಾಗಿ ಕಟ್ಟಿದರೆ ಅದೇ ಯಂತ್ರ ಗಂಭೀರವಾಗಿ ಓಡಾಡುತ್ತದೆ. ಹುಲ್ಲು ಹೇರಿದ ಗಾಡಿಗೂ ಅನ್ವಯಿಸುವ ಲೆಕ್ಕವಿದು. ವಸ್ತುವಿನ ಭಾರವೆಲ್ಲ ಒಂದೆಡೆ ಕೂಡಿದಂತೆ ವರ್ತಿಸುವ ಬಿಂದುವಿಗೆ ಗುರುತ್ವಕೇಂದ್ರವೆಂದು ಹೆಸರು. ಅಲ್ಲಿಂದ ನೆಟ್ಟಗೆ ಇಳಿಬಿಟ್ಟ ದಾರ ಕಾಲುಗಳ ಆವರಣದೊಳಗೆ ಬಿದ್ದರೆ ವಸ್ತು ನಿಲ್ಲುತ್ತದೆ. ಹೊರಗೆ ಬಿದ್ದರೆ ಉರುಳುತ್ತದೆ.

ನಿಲ್ಲುವುದಕ್ಕೆ ಇಷ್ಟು ಸಾಕು. ಆದರೆ ಎರಡು ಕಾಲಿನ ಯಂತ್ರ ಸರಾಗವಾಗಿ ನಡೆಯಬೇಕಾದರೆ ಈ ನಿಯಮವನ್ನು ಹೆಜ್ಜೆಹೆಜ್ಜೆಗೂ ಕೊಂಚ ಮುರಿಯಬೇಕು. ಅದರ ಕಥೆ ಸ್ವಾರಸ್ಯಕರವಾಗಿದೆ.

ಜಪಾನಿನಲ್ಲಿ ಹಳೆಯ ಕಾಲದ ಯಂತ್ರಗೊಂಬೆಗಳಿಗೆ ‘ಕರಕುರಿ’ ಎನ್ನುತ್ತಾರೆ. ಹೊಸೊಕಾವ ಹಂಜೊ ಎಂಬ ಕುಶಲಕರ್ಮಿ ಇವುಗಳ ಒಳಗುಟ್ಟನ್ನು ಚಿತ್ರಸಹಿತ ವಿವರಿಸಿದ ಗ್ರಂಥ ಪ್ರಕಟವಾದದ್ದು 1796ರಲ್ಲಿ. ಅದರಲ್ಲಿ ಚಹಾ ತರುವ ಗೊಂಬೆಯೊಂದಿದೆ. ತಟ್ಟೆಯ ಮೇಲೆ ಬಟ್ಟಲಿಟ್ಟರೆ ಅದು ಅತಿಥಿಯ ಬಳಿಗೆ ಸಾಗುತ್ತದೆ, ಬಟ್ಟಲೆತ್ತಿದೊಡನೆ ನಿಲ್ಲುತ್ತದೆ, ಮರಳಿ ಇಟ್ಟರೆ ಹಿಂದಿರುಗುತ್ತದೆ. ಬಟ್ಟಲಿನ ಭಾರವೇ ಅದಕ್ಕೆ ಅಪ್ಪಣೆ. ಪಾದಗಳು ಆಡುವುದೇನೋ ನಿಜ, ಆದರೆ ಅದೆಲ್ಲ ತೋರಿಕೆಗೆ. ಉಡುಪಿನ ನೆರಿಗೆಯೊಳಗೆ ಚಕ್ರಗಳಿವೆ. ಎರಡು ಕಾಲಿನ ಕಷ್ಟ ಆ ಕುಶಲಿಗೆ ಚೆನ್ನಾಗಿ ಗೊತ್ತಿದ್ದಿರಬೇಕು.

ಅದೇ ಗ್ರಂಥದ ಮತ್ತೊಂದು ಗೊಂಬೆ ಮೆಟ್ಟಿಲುಗಳ ಮೇಲೆ ಲಾಗ ಹಾಕುತ್ತ ಇಳಿಯುತ್ತದೆ. ಅದಕ್ಕೆ ಸ್ಪ್ರಿಂಗಿಲ್ಲ, ಹಲ್ಲುಚಕ್ರವಿಲ್ಲ. ದೇಹದೊಳಗಿನ ಟೊಳ್ಳಿನಲ್ಲಿ ಪಾದರಸವಿದೆ. ಗೊಂಬೆ ಹಿಂದಕ್ಕೆ ಬಾಗಿದಾಗ ಪಾದರಸ ತಲೆಯ ಕಡೆಗೆ ಹರಿಯುತ್ತದೆ, ಕೈಗಳು ಕೆಳಗಿನ ಮೆಟ್ಟಿಲನ್ನು ಊರುತ್ತವೆ, ಹಗುರಾದ ಕಾಲುಗಳು ಮೇಲಿನಿಂದ ತಿರುಗಿ ಇಳಿಯುತ್ತವೆ. ಗೊಂಬೆ ಎದ್ದು ನಿಲ್ಲುವಷ್ಟರಲ್ಲಿ ಮತ್ತೆ ಬಾಗುವ ಸಿದ್ಧತೆ. ಜಪಾನಿನದೇ ಇನ್ನೊಂದು ಹೆಸರಾಂತ ಗೊಂಬೆ ‘ದರುಮ’. ದಕ್ಷಿಣ ಭಾರತದಿಂದ ಹೋದವನೆಂದು ಐತಿಹ್ಯ ಹೇಳುವ ಬೋಧಿಧರ್ಮನ ರೂಪವದು. ತಳದಲ್ಲಿ ಭಾರವಿರುವುದರಿಂದ, ನಮ್ಮ ತಂಜಾವೂರು ಗೊಂಬೆಯಂತೆ, ಎಷ್ಟು ಸಲ ಕೆಡವಿದರೂ ಏಳುತ್ತದೆ. ಆದರೆ ಇದ್ದಲ್ಲಿಂದ ಎಲ್ಲಿಗೂ ಹೋಗುವುದಿಲ್ಲ. ಪಾದರಸದ ಗೊಂಬೆ ಬೀಳುತ್ತಲೇ ಮುಂದೆ ಸಾಗುತ್ತದೆ.

ಇಪ್ಪತ್ತನೆಯ ಶತಮಾನದ ಎಂಜಿನಿಯರುಗಳು ಮೊದಲು ಹಿಡಿದದ್ದು ದರುಮನ ದಾರಿಯನ್ನು. ಟೋಕಿಯೋದ ವಾಸೆದಾ ವಿಶ್ವವಿದ್ಯಾಲಯದಲ್ಲಿ ಇಚಿರೊ ಕಾಟೊ ಅವರ ತಂಡ 1973ರಲ್ಲಿ ‘ವಾಬೊಟ್-1’ ಎಂಬ ಮಾನವಾಕಾರದ ರೋಬೋಟನ್ನು ನಡೆಸಿತು. ಒಂದು ಕಾಲನ್ನೆತ್ತುವ ಮೊದಲು ಇಡೀ ಭಾರವನ್ನು ಇನ್ನೊಂದು ಪಾದದ ಮೇಲೆ ಸರಿಸಿ ಭದ್ರಪಡಿಸಿಕೊಳ್ಳುತ್ತಿತ್ತು. ಒಂದು ಹೆಜ್ಜೆಗೆ ಸುಮಾರು 45 ಸೆಕೆಂಡು! ಬೀಳುವ ಭಯವಿರಲಿಲ್ಲ, ಊರು ಸೇರುವ ಭರವಸೆಯೂ ಇರಲಿಲ್ಲ.

ಇದರಿಂದ ಹೊರಬರುವ ದಾರಿ ಬೆಲ್‌ಗ್ರೇಡಿನಲ್ಲಿ ಆಗಲೇ ತೆರೆದಿತ್ತು. ಅಲ್ಲಿ ಮಿಯೊಮಿರ್ ವುಕೊಬ್ರಾಟೊವಿಚ್ ಕಾಲಿನ ಸ್ವಾಧೀನ ಕಳೆದುಕೊಂಡವರನ್ನು ನಡೆಸುವ ಯಂತ್ರಕವಚಗಳ ಮೇಲೆ ದುಡಿಯುತ್ತಿದ್ದರು. ಚಲಿಸುವ ದೇಹಕ್ಕೆ ಭಾರದ ಲೆಕ್ಕವಷ್ಟೇ ಸಾಲದು, ಚಲನೆಯ ರಭಸವನ್ನೂ ಕೂಡಿಸಬೇಕೆಂದು 1960ರ ದಶಕದ ಕೊನೆಯಲ್ಲಿ ಅವರು ತೋರಿಸಿದರು. ಎರಡರ ಒಟ್ಟು ಒತ್ತಡ ನೆಲವನ್ನು ಮುಟ್ಟುವ ಬಿಂದು ಅಂಗಾಲಿನೊಳಗಿದ್ದರೆ ಯಂತ್ರ ಮಗುಚದು. ಗುರುತ್ವಕೇಂದ್ರ ಪಾದದಾಚೆ ಹೋದರೂ ಚಿಂತೆಯಿಲ್ಲ. ಬಸ್ಸು ತಟ್ಟನೆ ಹೊರಟಾಗ ಮುಂದಕ್ಕೆ ಬಾಗಿ ನಿಲ್ಲುವ ಪ್ರಯಾಣಿಕ ಮಾಡುವುದೂ ಇದನ್ನೇ. 1980ರ ದಶಕದಲ್ಲಿ ಕಾಟೊ ಅವರ ಮುಂದಿನ ಯಂತ್ರ 1.3 ಸೆಕೆಂಡಿಗೊಂದು ಹೆಜ್ಜೆ ಹಾಕಿತು. 1996ರಲ್ಲಿ ಹೋಂಡಾ ಕಂಪೆನಿ ಪ್ರದರ್ಶಿಸಿದ 210 ಕಿಲೋ ತೂಕದ ‘ಪಿ-2’ ಬೆನ್ನಿಗೆ ಚೀಲ ಹೊತ್ತು ಮೆಟ್ಟಿಲನ್ನೂ ಹತ್ತಿತು. 2000ದಲ್ಲಿ ಬಂದ ‘ಅಸಿಮೊ’ ಜಗತ್ಪ್ರಸಿದ್ಧವಾಯಿತು.

ಈ ನಡುವೆ 1990ರಲ್ಲಿ ಕೆನಡಾದ ಟ್ಯಾಡ್ ಮೆಕ್‌ಗೀರ್ ಮೋಟಾರಾಗಲಿ ಕಂಪ್ಯೂಟರಾಗಲಿ ಇಲ್ಲದ ಬರಿಯ ಕಾಲುಗಳು ಇಳಿಜಾರಿನಲ್ಲಿ ತಾವೇ ನಡೆದುಹೋಗುವುದನ್ನು ವಿವರಿಸಿದರು. ಕಾಲಿನ ಅಳತೆ ಮತ್ತು ಭಾರದ ಹಂಚಿಕೆ ಸರಿಯಿದ್ದರೆ ಮಿಕ್ಕದ್ದನ್ನು ಭೂಮಿಯ ಸೆಳೆತವೇ ನೋಡಿಕೊಳ್ಳುತ್ತದೆ. ಪಾದರಸದ ಗೊಂಬೆಯ ನೆಂಟರೇ ಇವರು ಎಂದು ನನಗನ್ನಿಸುತ್ತದೆ.

ನಿಜವಾದ ಪರೀಕ್ಷೆ ಬಂದದ್ದು 2011ರ ಮಾರ್ಚ್‌ನಲ್ಲಿ. ಸುನಾಮಿಯಿಂದ ಫುಕುಶಿಮಾದ ಅಣುಸ್ಥಾವರ ಕೆಟ್ಟು, ಮನುಷ್ಯರು ಕಾಲಿಡಲಾಗದಷ್ಟು ವಿಕಿರಣ ಹರಡಿತು. ಅಸಿಮೊದ ನಾಡಿನಲ್ಲೇ ಆ ಕಟ್ಟಡಗಳನ್ನು ಮೊದಲು ಹೊಕ್ಕದ್ದು ಅಮೆರಿಕದಿಂದ ಬಂದ ಗಿಡ್ಡ ರೋಬೋಟುಗಳು. ಟ್ಯಾಂಕಿನಂಥ ಪಟ್ಟಿಗಳ ಮೇಲೆ ತೆವಳುವ ಅವುಗಳ ಭಾರವೆಲ್ಲ ನೆಲಕ್ಕೆ ಅಂಟಿಕೊಂಡಂತಿತ್ತು.

ಈ ದುರಂತದ ಪ್ರೇರಣೆಯಿಂದಲೇ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಸ್ಪರ್ಧೆಯೊಂದನ್ನು ಏರ್ಪಡಿಸಿತು. ಅದರ ಅಂತಿಮ ಸುತ್ತು 2015ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಪೊಮೊನಾದಲ್ಲಿ ನಡೆಯಿತು. ಬಾಗಿಲು ತೆರೆಯುವುದು, ಕವಾಟ ತಿರುಗಿಸುವುದು, ಗೋಡೆ ಕೊರೆಯುವುದು, ಮೆಟ್ಟಿಲೇರುವುದು ಹೀಗೆ ಎಂಟು ಕೆಲಸ. ಭಾರೀ ವೆಚ್ಚದ ಯಂತ್ರಗಳು ಬಾಗಿಲ ಹಿಡಿಯನ್ನು ಎಳೆಯಲು ಹೋಗಿ ಅಂಗಾತ ಬಿದ್ದವು. 20 ಲಕ್ಷ ಡಾಲರುಗಳ ಮೊದಲ ಬಹುಮಾನ ಗೆದ್ದದ್ದು ದಕ್ಷಿಣ ಕೊರಿಯಾದ ‘ಹ್ಯೂಬೊ’. ಅದನ್ನು ಕಟ್ಟಿದವರು ಮೊಣಕಾಲಿಗೆ ಚಕ್ರ ಜೋಡಿಸಿದ್ದರು. ಸಮತಟ್ಟು ನೆಲದಲ್ಲಿ ಹ್ಯೂಬೊ ಮಂಡಿಯೂರಿ, ಭಾರ ತಗ್ಗಿಸಿಕೊಂಡು ಉರುಳುತ್ತ ಹೋಯಿತು. ಮೆಟ್ಟಿಲು ಬಂದಾಗ ಎದ್ದು ನಿಂತಿತು.