ಪಾಷಾಣ ತಿಂದ ಇಲಿ ನೀರು ಹುಡುಕಿಕೊಂಡು ಹೊರಗೆ ಹೋಗಿ ಸಾಯುತ್ತದೆಯೇ? ಗೋಡೆ ಸಂದಿಯಿಂದ ನಾತ ಬಂದರೆ ಏನು ಮಾಡಬೇಕು?

‘ಈ ಪಾಷಾಣ ಇಟ್ಟರೆ ಇಲಿಗೆ ವಿಪರೀತ ಬಾಯಾರಿಕೆ ಆಗುತ್ತೆ, ನೀರು ಹುಡುಕಿಕೊಂಡು ಹೊರಗೆ ಹೋಗಿ ಸಾಯುತ್ತೆ, ಮನೆಯಲ್ಲಿ ವಾಸನೆ ಬರಲ್ಲ.’ ಅಂಗಡಿಯಲ್ಲೂ ವಾಟ್ಸ್‌ಆ್ಯಪ್‌ನಲ್ಲೂ ಈ ಮಾತನ್ನು ನೀವು ಕೇಳಿರಬಹುದು. ಅದನ್ನು ನಂಬಿ ಪಾಷಾಣ ಇಟ್ಟ ಒಂದು ವಾರಕ್ಕೆ ಅಡುಗೆಮನೆ ಕಪಾಟಿನ ಹಿಂದಿನಿಂದಲೋ ಫಾಲ್ಸ್ ಸೀಲಿಂಗ್ ಮೇಲಿನಿಂದಲೋ ತಡೆಯಲಾಗದ ನಾತ ಶುರುವಾಗುತ್ತದೆ. ಈ ಮಾತು ನಿಜವೇ? ನಾತ ಬಂದಮೇಲೆ ಏನು ಮಾಡಬೇಕು? ನೋಡೋಣ.

ಸತ್ಯಾಂಶ ಏನು?

ಇದು ತಪ್ಪು ತಿಳಿವಳಿಕೆ. ಕೇಕ್ ರೂಪದಲ್ಲಿ ಸಿಗುವ ಪಾಷಾಣಗಳಲ್ಲಿ ಸಾಮಾನ್ಯವಾಗಿ ಬ್ರೋಮಾಡಿಯೋಲೋನ್ ಎಂಬ ವಿಷ ಇರುತ್ತದೆ. ಇದು ದೇಹದಲ್ಲಿ ವಿಟಮಿನ್ ಕೆ ಕೆಲಸ ಮಾಡದಂತೆ ತಡೆಯುತ್ತದೆ. ಆಗ ರಕ್ತ ಹೆಪ್ಪುಗಟ್ಟುವುದಿಲ್ಲ, ಒಳಗೇ ರಕ್ತಸ್ರಾವವಾಗಿ ಇಲಿ ಸಾಯುತ್ತದೆ. ಇದಕ್ಕೆ ಕೆಲವು ದಿನ ಬೇಕು. ಅಷ್ಟರಲ್ಲಿ ಸುಸ್ತಾದ ಇಲಿ ತನಗೆ ಸುರಕ್ಷಿತ ಎನಿಸುವ ಗೂಡಿಗೇ ಸೇರಿಕೊಳ್ಳುತ್ತದೆ. ಆ ಗೂಡು ಇರುವುದು ನಿಮ್ಮ ಮನೆಯ ಸಂದಿಯಲ್ಲೇ.

ಕಪ್ಪು ಪುಡಿಯಾಗಿ ಸಿಗುವ ಜಿಂಕ್ ಫಾಸ್ಫೈಡ್ ಬೇಗ ಕೊಲ್ಲುತ್ತದೆ. ಹೊಟ್ಟೆಯ ಆಮ್ಲದ ಜೊತೆ ಸೇರಿ ಅದು ಫಾಸ್ಫೀನ್ ಎಂಬ ವಿಷಾನಿಲವಾಗುತ್ತದೆ. ಆದರೆ ಅದೂ ಇಲಿಯನ್ನು ಮನೆಯಿಂದ ಹೊರಗೆ ಕಳಿಸುವುದಿಲ್ಲ.

ಮೊದಲು ಗ್ಯಾಸ್ ನೋಡಿ

ಅಡುಗೆ ಅನಿಲಕ್ಕೆ ಸ್ವಂತ ವಾಸನೆ ಇಲ್ಲ. ಸೋರಿದರೆ ಗೊತ್ತಾಗಲಿ ಎಂದು ಅದಕ್ಕೆ ಮರ್‌ಕ್ಯಾಪ್ಟನ್ ಎಂಬ ಗಂಧಕದ ಸಂಯುಕ್ತ ಸೇರಿಸಿರುತ್ತಾರೆ. ಕೊಳೆಯುವ ಮಾಂಸದಿಂದಲೂ ಇದೇ ಗುಂಪಿನ ಅನಿಲಗಳು ಬರುತ್ತವೆ. ಹಾಗಾಗಿ ‘ಎಲ್ಲೋ ಇಲಿ ಸತ್ತಿದೆ’ ಎಂದುಕೊಂಡು ಸುಮ್ಮನಿರಬೇಡಿ. ಅನುಮಾನ ಬಂದರೆ ಲೈಟ್ ಸ್ವಿಚ್ ಮುಟ್ಟಬೇಡಿ, ಬೆಂಕಿಕಡ್ಡಿ, ಊದುಬತ್ತಿ ಹಚ್ಚಬೇಡಿ. ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆರೆದು ಹೊರಗೆ ಬನ್ನಿ. ಹೊರಗಿನಿಂದ 1906ಕ್ಕೆ ಕರೆ ಮಾಡಿ. ಇದು ಗ್ಯಾಸ್ ಸೋರಿಕೆಯ ತುರ್ತು ಸಹಾಯವಾಣಿ.

ಬಹಳ ದಿನ ಬಳಸದ ಬಚ್ಚಲಿನ ಪೈಪಿನಿಂದಲೂ ಚರಂಡಿ ವಾಸನೆ ಬರುತ್ತದೆ. ಒಂದೆರಡು ಚೊಂಬು ನೀರು ಸುರಿದರೆ ಅದು ನಿಲ್ಲುತ್ತದೆ.

ಎಲ್ಲಿ ಹುಡುಕಬೇಕು?

ನಮ್ಮ ಇಟ್ಟಿಗೆ ಗೋಡೆಗಳು ಸಾಮಾನ್ಯವಾಗಿ ಟೊಳ್ಳಾಗಿರುವುದಿಲ್ಲ. ‘ಗೋಡೆಯೊಳಗೆ ಸತ್ತಿದೆ’ ಎನಿಸಿದರೂ ಇಲಿ ಇರುವುದು ಹೆಚ್ಚಾಗಿ ಅಡುಗೆಮನೆ ಕಪಾಟಿನ ಹಿಂದೆ, ಫಾಲ್ಸ್ ಸೀಲಿಂಗ್ ಮೇಲೆ, ಪೈಪ್ ಹಾದುಹೋಗುವ ಡಕ್ಟ್‌ನಲ್ಲಿ, ಫ್ರಿಜ್ ಹಿಂಭಾಗದಲ್ಲಿ ಅಥವಾ ಹೆಂಚಿನ ಮನೆಯಾದರೆ ಅಟ್ಟದಲ್ಲಿ. ಫ್ಯಾನ್ ಆಫ್ ಮಾಡಿ, ಒಂದೊಂದೇ ಮೂಲೆಯಲ್ಲಿ ಮೂಸಿ ನೋಡಿ. ದಪ್ಪನೆಯ ಹಸಿರು ಅಥವಾ ನೀಲಿ ನೊಣಗಳು ಎಲ್ಲಿ ಸುತ್ತುತ್ತಿವೆ ಗಮನಿಸಿ. ಸೀಲಿಂಗ್ ಮೇಲೆ ಹೊಸ ಒದ್ದೆ ಕಲೆ ಕಂಡರೆ ಅದೂ ಒಂದು ಸುಳಿವು.

ಸಿಕ್ಕಿದರೆ ಹೀಗೆ ತೆಗೆಯಿರಿ

ಒಣ ಪೊರಕೆಯಿಂದ ಗುಡಿಸಬೇಡಿ, ಧೂಳು ಏಳುತ್ತದೆ. ಕೈಗವಸು, ಮಾಸ್ಕ್ ಹಾಕಿಕೊಳ್ಳಿ. ಒಂದು ಪಾಲು ದ್ರವರೂಪದ ಬ್ಲೀಚ್‌ಗೆ ಒಂಬತ್ತು ಪಾಲು ನೀರು ಬೆರೆಸಿ ಸತ್ತ ಇಲಿ ಮತ್ತು ಸುತ್ತಲಿನ ಜಾಗವನ್ನು ನೆನೆಸಿ. ಐದು ನಿಮಿಷದ ನಂತರ ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ವಿಲೇವಾರಿ ಮಾಡಿ. ಜಾಗವನ್ನು ಒರೆಸಿ, ಸೋಪು ಹಚ್ಚಿ ಕೈ ತೊಳೆಯಿರಿ. ಇಲಿಯ ಮೂತ್ರದಿಂದ ಲೆಪ್ಟೊಸ್ಪೈರೋಸಿಸ್, ಅಂದರೆ ಇಲಿ ಜ್ವರ ಹರಡುತ್ತದೆ ಎಂಬುದು ನೆನಪಿರಲಿ.

ಕೈಗೆ ಸಿಗದಿದ್ದರೆ ಕಿಟಕಿ ತೆರೆದು, ಎಕ್ಸಾಸ್ಟ್ ಫ್ಯಾನ್ ಹಾಕಿ ಕಾಯುವುದೇ ದಾರಿ. ಸುಂಡಿಲಿಯಾದರೆ ಕೆಲವು ದಿನಗಳಲ್ಲಿ ನಾತ ಇಳಿಯಬಹುದು. ದೊಡ್ಡ ಇಲಿ, ಹೆಗ್ಗಣವಾದರೆ ಎರಡು ಮೂರು ವಾರವೂ ಆಗಬಹುದು. ಕರ್ಪೂರ, ಊದುಬತ್ತಿ, ರೂಮ್ ಸ್ಪ್ರೇ ನಾತವನ್ನು ಮರೆಮಾಡುತ್ತವೆ, ತೆಗೆಯುವುದಿಲ್ಲ. ಆ್ಯಕ್ಟಿವೇಟೆಡ್ ಇದ್ದಿಲು ವಾಸನೆಯನ್ನು ಸ್ವಲ್ಪ ಮಟ್ಟಿಗೆ ಹೀರಿಕೊಳ್ಳುತ್ತದೆ. ನಾತದಿಂದ ತಲೆನೋವು, ವಾಕರಿಕೆ ಬರಬಹುದು, ಆದರೆ ಮನೆಯಲ್ಲಿ ಬರುವಷ್ಟು ನಾತ ವಿಷವೇನಲ್ಲ.

ಇವನ್ನು ಮಾಡಲೇಬೇಡಿ

ನಾತ ಹೋಗಲಿ ಎಂದು ಬ್ಲೀಚಿಂಗ್ ಪೌಡರ್ ಜೊತೆ ಟಾಯ್ಲೆಟ್ ಆ್ಯಸಿಡ್ ಅಥವಾ ವಿನೆಗರ್ ಬೆರೆಸಿದರೆ ಕ್ಲೋರಿನ್ ಅನಿಲ ಹೊರಬರುತ್ತದೆ. ಮುಚ್ಚಿದ ಕೋಣೆಯಲ್ಲಿ ಇದು ಶ್ವಾಸಕೋಶಕ್ಕೆ ಅಪಾಯಕಾರಿ. ಒಂದು ಸಲಕ್ಕೆ ಒಂದೇ ದ್ರಾವಣ ಬಳಸಿ.

ಇಲಿ ಬಿಲಕ್ಕೆ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಹಾಕುವುದು ಇನ್ನೂ ಅಪಾಯ. ಇವು ಗೋದಾಮಿನ ಧಾನ್ಯಕ್ಕೆ, ತರಬೇತಿ ಪಡೆದವರು ಬಳಸಬೇಕಾದವು. ಗಾಳಿಯ ತೇವ ತಾಗಿದರೆ ಸಾಕು, ಫಾಸ್ಫೀನ್ ಹೊರಬರುತ್ತದೆ. 2024ರ ನವೆಂಬರ್‌ನಲ್ಲಿ ಚೆನ್ನೈ ಸಮೀಪದ ಕುಂದ್ರತ್ತೂರಿನ ಒಂದು ಮನೆಯಲ್ಲಿ ಇಲಿ ಪಾಷಾಣ ಇಡಿಸಿ, ಎ.ಸಿ. ಹಾಕಿಕೊಂಡು ಮಲಗಿದ್ದ ಕುಟುಂಬದ ಇಬ್ಬರು ಪುಟ್ಟ ಮಕ್ಕಳು ಸಾವಿಗೀಡಾದರು, ತಂದೆ ತಾಯಿ ಆಸ್ಪತ್ರೆ ಸೇರಿದರು.

ಮಕ್ಕಳು ಪಾಷಾಣ ಬಾಯಿಗೆ ಹಾಕಿಕೊಂಡರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಪಾಷಾಣದ ಪೊಟ್ಟಣದ ಸಮೇತ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಮಗು ಆರಾಮಾಗಿ ಕಂಡರೂ ಕಾಯಬೇಡಿ, ಕೆಲವು ವಿಷಗಳ ಪರಿಣಾಮ ಕಾಣಲು ದಿನಗಳೇ ಬೇಕು.

ಕೊನೆಯದಾಗಿ

ಪಾಷಾಣ ತಿಂದ ಇಲಿ ಹೊರಗೆ ಹೋಗಿ ಸಾಯುತ್ತದೆ ಎಂಬುದು ಸುಳ್ಳು. ಅದಕ್ಕಿಂತ ಇಲಿ ಬೋನು ವಾಸಿ, ಇಲಿ ಎಲ್ಲಿದೆ ಎಂದಾದರೂ ಗೊತ್ತಿರುತ್ತದೆ. ಪೆನ್ಸಿಲ್ ತೂರುವಷ್ಟು ರಂಧ್ರ ಸಾಕು, ಸುಂಡಿಲಿ ಒಳಗೆ ಬರುತ್ತದೆ. ಪೈಪಿನ ಸುತ್ತಲಿನ ಸಂದಿಗಳಿಗೆ ಸ್ಟೀಲ್ ನಾರು ತುರುಕಿ ಸಿಮೆಂಟ್ ಹಚ್ಚಿ. ಆದರೆ ಒಳಗಿರುವ ಇಲಿ ಹಿಡಿದ ಮೇಲೆಯೇ ಮುಚ್ಚಿ, ಇಲ್ಲದಿದ್ದರೆ ಮತ್ತೆ ಅದೇ ನಾತ. ಬಾಯಾರಿಕೆಯ ಆ ಸಂದೇಶ ನಿಮ್ಮ ಗ್ರೂಪಿಗೆ ಮತ್ತೆ ಬಂದರೆ, ಅದರ ಬದಲು ಇದನ್ನು ಫಾರ್ವರ್ಡ್ ಮಾಡಿ.