‘ಡ್ರೈವ್ ಫಾರ್ಮ್ಯಾಟ್ ಮಾಡಿ’ ಎಂದು ಕಂಪ್ಯೂಟರ್ ಕೇಳಿದರೆ ಒಪ್ಪಬೇಕೆ? ಬೇಡದ ಡ್ರೈವ್‌ಗಳು ತಾವಾಗಿಯೇ ತೆರೆದುಕೊಳ್ಳದಂತೆ ಮಾಡುವುದು ಹೇಗೆ?

ಹಳೆಯ ಡೆಸ್ಕ್‌ಟಾಪ್‌ಗೆ ಹೊಸ ಎಸ್‌ಎಸ್‌ಡಿ ಹಾಕಿಸಿದ್ದೀರಿ. ಹಳೆಯ ಹಾರ್ಡ್ ಡಿಸ್ಕನ್ನೂ ಫೋಟೊಗಳಿಗೆ ಇರಲಿ ಎಂದು ಒಳಗೇ ಬಿಟ್ಟಿದ್ದೀರಿ. ಈಗ ‘ದಿಸ್ ಪಿಸಿ’ ತೆರೆದರೆ ಸಿ, ಡಿ ಎಂದು ಎರಡೇ ಇದ್ದ ಕಡೆ ಇ, ಎಫ್, ಜಿ ಎಂದು ಸಾಲಾಗಿ ನಿಂತಿವೆ. ಒಂದರ ಗಾತ್ರ ಬರೀ 100 ಎಂಬಿ. ಇನ್ನೊಂದರ ಮೇಲೆ ಕೆಂಪು ಪಟ್ಟಿ, ಜಾಗ ಇಲ್ಲ ಎಂಬ ಎಚ್ಚರಿಕೆ. ಮತ್ತೊಂದನ್ನು ಕ್ಲಿಕ್ ಮಾಡಿದರೆ ‘ಈ ಡಿಸ್ಕನ್ನು ಬಳಸಲು ಮೊದಲು ಫಾರ್ಮ್ಯಾಟ್ ಮಾಡಬೇಕು’ ಎಂಬ ಸಂದೇಶ.

ಇದರ ಫೋಟೊ ತೆಗೆದು ಗ್ರೂಪಿಗೆ ಹಾಕಿದರೆ ಬರುವ ಉತ್ತರಗಳು ಸಾಮಾನ್ಯವಾಗಿ ಎರಡು. ‘ಅದು ವೈರಸ್, ಡಿಲೀಟ್ ಮಾಡಿ’ ಎಂಬುದು ಒಂದು. ‘ಫಾರ್ಮ್ಯಾಟ್ ಕೊಡಿ, ಸರಿಹೋಗುತ್ತದೆ’ ಎಂಬುದು ಇನ್ನೊಂದು. ಮೊದಲನೆಯದು ಬಹುತೇಕ ತಪ್ಪು. ಎರಡನೆಯದನ್ನು ನಂಬಿದರೆ ಮದುವೆಯ ಫೋಟೊಗಳಿಂದ ಹಿಡಿದು ಅಂಗಡಿಯ ಲೆಕ್ಕದವರೆಗೆ ಎಲ್ಲವೂ ಹೋಗಬಹುದು.

ಈ ಡ್ರೈವ್‌ಗಳು ಎಲ್ಲಿಂದ ಬಂದವು?

ಒಂದು ಹಾರ್ಡ್ ಡಿಸ್ಕನ್ನು ಗೋಡೆ ಹಾಕಿ ಕೋಣೆಗಳಾಗಿ ಮಾಡಿದಂತೆ ಭಾಗ ಮಾಡಿರುತ್ತಾರೆ. ಈ ಭಾಗವೇ ಪಾರ್ಟಿಷನ್. ಒಂದು ಪಾರ್ಟಿಷನ್ನನ್ನು ಬಳಕೆಗೆ ತೆರೆದುಕೊಡುವುದಕ್ಕೆ ಮೌಂಟ್ ಮಾಡುವುದು ಎನ್ನುತ್ತಾರೆ. ವಿಂಡೋಸ್ ಹೀಗೆ ತೆರೆದ ಪ್ರತಿ ಪಾರ್ಟಿಷನ್‌ಗೂ ಸಾಮಾನ್ಯವಾಗಿ ಒಂದು ಅಕ್ಷರ ಕೊಡುತ್ತದೆ. (ಅಕ್ಷರಗಳು ಸಿ ಯಿಂದ ಶುರುವಾಗುವುದೇಕೆ ಎಂದರೆ, ಎ ಮತ್ತು ಬಿ ಹಿಂದೆ ಫ್ಲಾಪಿಗಳಿಗೆ ಮೀಸಲಾಗಿದ್ದವು. ಫ್ಲಾಪಿ ಹೋಯಿತು, ಆ ಪದ್ಧತಿ ಉಳಿಯಿತು.)

ಎಲ್ಲ ಪಾರ್ಟಿಷನ್‌ಗಳೂ ನಮಗಾಗಿ ಇರುವುದಿಲ್ಲ. ವಿಂಡೋಸ್ 7 ತನ್ನನ್ನು ಆರಂಭಿಸಿಕೊಳ್ಳಲು ‘ಸಿಸ್ಟಂ ರಿಸರ್ವ್ಡ್’ ಎಂಬ 100 ಎಂಬಿ ಜಾಗ ಇಟ್ಟುಕೊಳ್ಳುತ್ತಿತ್ತು. ಕಂಪ್ಯೂಟರ್ ಕೆಟ್ಟಾಗ ರಿಪೇರಿಗೆ ಬೇಕಾಗುವ ರಿಕವರಿ ಪಾರ್ಟಿಷನ್ ಬೇರೆ ಇರುತ್ತದೆ. ಮಾಮೂಲಿಯಾಗಿ ಇವು ಕಣ್ಣಿಗೆ ಬೀಳುವುದಿಲ್ಲ. ಆದರೆ ಹಳೆಯ ಡಿಸ್ಕ್ ಎರಡನೆಯ ಡಿಸ್ಕಾಗಿ ಸೇರಿದಾಗ, ಹೊಸ ವಿಂಡೋಸ್‌ಗೆ ಅದು ಯಾರದೋ ಮನೆಯ ಸಾಮಾನು. ಕಂಡದ್ದಕ್ಕೆಲ್ಲ ಅಕ್ಷರ ಹಂಚಿಬಿಡುತ್ತದೆ. 2018ರಲ್ಲಿ ವಿಂಡೋಸ್ 10ರ ಏಪ್ರಿಲ್ ಅಪ್‌ಡೇಟ್ ಬಂದಾಗ, ಯಾವ ಡಿಸ್ಕನ್ನೂ ಮುಟ್ಟದ ಎಷ್ಟೋ ಜನರ ಕಂಪ್ಯೂಟರ್‌ಗಳಲ್ಲೂ ರಿಕವರಿ ಪಾರ್ಟಿಷನ್‌ಗೆ ಅಕ್ಷರ ಬಂದು, ಜಾಗ ಇಲ್ಲ ಎಂಬ ಸಂದೇಶ ಪದೇ ಪದೇ ಕಾಣಿಸಿತ್ತು. ಅದು ವೈರಸ್ ಆಗಿರಲಿಲ್ಲ.

‘ಫಾರ್ಮ್ಯಾಟ್ ಮಾಡಿ’ ಎಂಬ ಸಂದೇಶದ ಕಥೆ ಬೇರೆ. ಲಿನಕ್ಸ್ ಅಥವಾ ಮ್ಯಾಕ್‌ನಲ್ಲಿ ಬಳಸಿದ ಡಿಸ್ಕ್‌ನ ಬರವಣಿಗೆಯ ಕ್ರಮ ವಿಂಡೋಸ್‌ಗೆ ಅರ್ಥವಾಗುವುದಿಲ್ಲ. ಪಾರ್ಟಿಷನ್ ಸ್ವಲ್ಪ ಹಾಳಾಗಿದ್ದರೂ ಹೀಗೇ. ತನಗೆ ಓದಲು ಬಾರದ್ದನ್ನು ವಿಂಡೋಸ್ ಖಾಲಿ ಎಂಬಂತೆ ಮಾತಾಡಿಸುತ್ತದೆ. ನನ್ನ ಅಭಿಪ್ರಾಯದಲ್ಲಿ ಇದು ವಿಂಡೋಸ್‌ನ ಅತ್ಯಂತ ಅಪಾಯಕಾರಿ ಸಂದೇಶ. ಕನ್ನಡ ಬಾರದವರ ಕೈಗೆ ಕನ್ನಡ ಪುಸ್ತಕ ಕೊಟ್ಟರೆ ‘ಇದರಲ್ಲೇನೂ ಇಲ್ಲ, ಅಳಿಸಲೇ?’ ಎಂದು ಕೇಳಿದ ಹಾಗೆ. ಇಲ್ಲಿ ಒತ್ತಬೇಕಾದ ಬಟನ್ ‘ಕ್ಯಾನ್ಸಲ್’.

ಅಕ್ಷರ ತೆಗೆದರೆ ಡೇಟಾ ಹೋಗುತ್ತದೆಯೇ?

ಹೋಗುವುದಿಲ್ಲ. ಮನೆಯ ಬಾಗಿಲ ಮೇಲಿನ ನಂಬರ್ ಬಿಚ್ಚಿದರೆ ಮನೆ ಬೀಳುವುದಿಲ್ಲ. ಬೇಕೆಂದಾಗ ಅಕ್ಷರವನ್ನು ಮತ್ತೆ ಕೊಡಬಹುದು.

ವಿಂಡೋಸ್ ಕೀ ಜೊತೆ ಎಕ್ಸ್ ಒತ್ತಿ, ಬರುವ ಪಟ್ಟಿಯಲ್ಲಿ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆಯಿರಿ. ಬೇಡದ ಪಾರ್ಟಿಷನ್ ಯಾವುದು ಎಂದು ಗಾತ್ರ ಮತ್ತು ಹೆಸರು ನೋಡಿ ಖಚಿತ ಮಾಡಿಕೊಳ್ಳಿ. ಅದರ ಮೇಲೆ ರೈಟ್ ಕ್ಲಿಕ್ ಮಾಡಿ ‘ಚೇಂಜ್ ಡ್ರೈವ್ ಲೆಟರ್ ಆ್ಯಂಡ್ ಪಾತ್ಸ್’ ಆರಿಸಿ, ನಂತರ ‘ರಿಮೂವ್’ ಒತ್ತಿ. ಕೆಲವು ಪ್ರೋಗ್ರಾಂಗಳು ಈ ಅಕ್ಷರವನ್ನು ನಂಬಿಕೊಂಡಿರಬಹುದು ಎಂಬ ಎಚ್ಚರಿಕೆ ಬರುತ್ತದೆ. ಆ ಡ್ರೈವ್‌ನಲ್ಲಿ ನೀವು ಯಾವ ಸಾಫ್ಟ್‌ವೇರನ್ನೂ ಹಾಕಿಲ್ಲವಾದರೆ ‘ಯೆಸ್’ ಎನ್ನಬಹುದು. ಸಿ ಡ್ರೈವ್ ತಂಟೆಗೆ ಮಾತ್ರ ಹೋಗಬೇಡಿ.

ಇಲ್ಲಿ ಅವಸರ ಬೇಡ. ಅದೇ ಪಟ್ಟಿಯಲ್ಲಿ ಸರಿಯಾಗಿ ಕೆಳಗಿನ ಸಾಲಿನಲ್ಲೇ ‘ಫಾರ್ಮ್ಯಾಟ್’ ಇದೆ, ಇನ್ನೂ ಕೆಳಗೆ ‘ಡಿಲೀಟ್ ವಾಲ್ಯೂಮ್’ ಇದೆ. ಮೌಸ್ ಒಂದು ಸಾಲು ಜಾರಿದರೆ ಕೆಲಸ ಕೆಟ್ಟಿತು. ಮುಂದೆ ಬರುವ ಪ್ರಶ್ನೆಯನ್ನು ಓದದೆ ‘ಯೆಸ್’ ಒತ್ತಬೇಡಿ.

ರಿಕವರಿ ಪಾರ್ಟಿಷನ್‌ಗೆ ಈ ಆಯ್ಕೆ ಸಿಗದೇ ಇರಬಹುದು. ಆಗ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ‘ಮೌಂಟ್‌ವಾಲ್’ ಎಂಬ ಆದೇಶ ಬಳಸಬೇಕು. ಇಂಗ್ಲಿಷ್‌ನಲ್ಲಿ ಎಂ-ಒ-ಯು-ಎನ್-ಟಿ-ವಿ-ಒ-ಎಲ್ ಎಂದು ಬರೆದು, ಜಾಗ ಬಿಟ್ಟು, ಡ್ರೈವ್‌ನ ಅಕ್ಷರ ಮತ್ತು ಕೋಲನ್ ಹಾಕಿ, ಮತ್ತೆ ಜಾಗ ಬಿಟ್ಟು ಸ್ಲ್ಯಾಶ್ ಡಿ ಎಂದು ಬರೆದು ಎಂಟರ್ ಒತ್ತಿ. ಇಲ್ಲಿ ಸ್ಲ್ಯಾಶ್ ಎಂದರೆ ಬಲಕ್ಕೆ ವಾಲಿದ ಗೆರೆ. ಇದೇ ಆದೇಶದ ಜೊತೆ ಸ್ಲ್ಯಾಶ್ ಎನ್ ಕೊಟ್ಟರೆ, ಹೊಸದಾಗಿ ಸೇರಿಸುವ ಡಿಸ್ಕ್‌ಗಳು ತಾವಾಗಿ ಮೌಂಟ್ ಆಗುವುದೇ ನಿಲ್ಲುತ್ತದೆ. ಮನೆಯ ಕಂಪ್ಯೂಟರ್‌ಗೆ ಅದು ಬೇಡ. ಮುಂದೊಂದು ದಿನ ಹೊಸ ಡಿಸ್ಕ್ ತಂದು ಹಾಕಿದಾಗ ಕಾಣಿಸದೆ, ಅಂಗಡಿಯವರೊಂದಿಗೆ ಜಗಳವಾಡುತ್ತೀರಿ. ಹಾಗೆ ಮಾಡಿಬಿಟ್ಟಿದ್ದರೆ ಸ್ಲ್ಯಾಶ್ ಇ ಕೊಟ್ಟು ಹಿಂತೆಗೆದುಕೊಳ್ಳಬಹುದು.

ಉಬುಂಟುವಿನಂಥ ಲಿನಕ್ಸ್ ಬಳಸುವವರು ‘ಡಿಸ್ಕ್ಸ್’ ಆ್ಯಪ್‌ನಲ್ಲಿ ಪಾರ್ಟಿಷನ್ ಆರಿಸಿ, ಹಲ್ಲುಚಕ್ರದ ಚಿಹ್ನೆ ಒತ್ತಿ, ‘ಎಡಿಟ್ ಮೌಂಟ್ ಆಪ್ಷನ್ಸ್’ಗೆ ಹೋಗಿ. ‘ಯೂಸರ್ ಸೆಷನ್ ಡಿಫಾಲ್ಟ್ಸ್’ ಆಫ್ ಮಾಡಿ, ‘ಮೌಂಟ್ ಅಟ್ ಸಿಸ್ಟಂ ಸ್ಟಾರ್ಟಪ್’ ಮುಂದಿನ ಟಿಕ್ ತೆಗೆದರೆ ಸಾಕು.

ವೈರಸ್‌ನಿಂದ ರಕ್ಷಣೆ ಸಿಗುತ್ತದೆಯೇ?

ಡ್ರೈವ್ ತೆರೆದುಕೊಳ್ಳುವುದು ಬೇರೆ, ಅದರೊಳಗಿನ ಪ್ರೋಗ್ರಾಂ ತಾನಾಗಿ ಓಡುವುದು ಬೇರೆ. ಎರಡನೆಯದರ ಹೆಸರು ಆಟೋರನ್. 2008ರಲ್ಲಿ ಕಾಣಿಸಿಕೊಂಡ ಕಾನ್‌ಫಿಕರ್ ವರ್ಮ್ ಪೆನ್‌ಡ್ರೈವ್‌ಗಳ ಮೂಲಕ ಹರಡಲು ಇದನ್ನೂ ಬಳಸಿಕೊಂಡಿತ್ತು. ವಿಂಡೋಸ್ 7ರಲ್ಲಿ ಪೆನ್‌ಡ್ರೈವ್‌ಗಳಿಗೆ ಆಟೋರನ್ ನಿಂತಿತು, 2011ರಲ್ಲಿ ಹಳೆಯ ವಿಂಡೋಸ್‌ಗಳಿಗೂ ಅದೇ ಬದಲಾವಣೆ ಅಪ್‌ಡೇಟ್ ಆಗಿ ಹೋಯಿತು. ಹಾಗಾಗಿ ಡ್ರೈವ್ ಅಕ್ಷರ ತೆಗೆದರೆ ವೈರಸ್ ಬರುವುದಿಲ್ಲ ಎನ್ನುವುದು ಸರಿಯಲ್ಲ. ಮರೆಮಾಡಿದ ಡ್ರೈವ್‌ಗೆ ಬೀಗವೂ ಬಿದ್ದಿರುವುದಿಲ್ಲ. ಮೇಲಿನ ವಿಧಾನ ಗೊತ್ತಿರುವ ಯಾರಾದರೂ ಅದನ್ನು ಮತ್ತೆ ತೆರೆಯಬಹುದು. ಗುಟ್ಟಿನ ಕಡತಗಳಿಗೆ ಎನ್‌ಕ್ರಿಪ್ಷನ್ ಬೇಕು.

ಈಗಾಗಲೇ ಫಾರ್ಮ್ಯಾಟ್ ಒತ್ತಿದ್ದರೆ?

ಮೊದಲು ಆ ಡಿಸ್ಕನ್ನು ಬಳಸುವುದು ನಿಲ್ಲಿಸಿ. ಹಾರ್ಡ್ ಡಿಸ್ಕ್‌ನಲ್ಲಿ ‘ಕ್ವಿಕ್ ಫಾರ್ಮ್ಯಾಟ್’ ಆಗಿದ್ದರೆ ಪುಸ್ತಕದ ಪರಿವಿಡಿ ಹರಿದಿದೆ ಅಷ್ಟೇ, ಪುಟಗಳು ಹೆಚ್ಚಾಗಿ ಒಳಗೇ ಇರುತ್ತವೆ. ಅದರ ಮೇಲೆ ಹೊಸದೇನಾದರೂ ಬರೆದರೆ ಹಳೆಯದು ಅಳಿಯುತ್ತದೆ. ಫೈಲ್ ವಾಪಸ್ ತರುವ ಸಾಫ್ಟ್‌ವೇರನ್ನು ಅದೇ ಡಿಸ್ಕ್‌ಗೆ ಹಾಕುವುದೂ ಹೊಸ ಬರವಣಿಗೆಯೇ. ಬರೀ ಮೌಂಟ್ ಮಾಡಿದರೂ ಡಿಸ್ಕ್ ಮೇಲೆ ಸಣ್ಣಪುಟ್ಟ ಬರವಣಿಗೆ ನಡೆಯುತ್ತದೆ. ಸಾಕ್ಷ್ಯವಾಗಿ ವಶಪಡಿಸಿಕೊಂಡ ಡಿಸ್ಕ್‌ಗಳನ್ನು ಪರೀಕ್ಷಿಸುವವರು ಬರವಣಿಗೆ ತಡೆಯುವ ಉಪಕರಣದ ಮೂಲಕವೇ ಜೋಡಿಸುವುದು ಈ ಕಾರಣಕ್ಕೆ. ‘ಕ್ವಿಕ್’ ಟಿಕ್ ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿದ್ದರೆ ಡಿಸ್ಕ್ ಪೂರಾ ಸೊನ್ನೆ ತುಂಬಿರುತ್ತದೆ. ಎಸ್‌ಎಸ್‌ಡಿಯಲ್ಲಂತೂ ಕ್ವಿಕ್ ಫಾರ್ಮ್ಯಾಟ್ ಆದರೂ ಮರಳಿ ಸಿಗುವ ಸಾಧ್ಯತೆ ಕಡಿಮೆ. ಹಾರ್ಡ್ ಡಿಸ್ಕ್ ಆಗಿದ್ದರೆ ಕಂಪ್ಯೂಟರ್ ಆಫ್ ಮಾಡಿ, ಡಿಸ್ಕ್ ಬಿಚ್ಚಿಸಿ, ಡೇಟಾ ರಿಕವರಿ ಮಾಡುವವರ ಬಳಿ ಕೊಂಡೊಯ್ಯಿರಿ. ಕೊಡುವಾಗ ಏನಾಯಿತು, ಯಾವ ಬಟನ್ ಒತ್ತಿದಿರಿ ಎಂಬುದನ್ನು ಮುಚ್ಚಿಡದೆ ಹೇಳಿ.